ಸಂಪಂಗಿ ಅಂಗಳದ ಒಂಬತ್ತು ನಿಮಿಷ

ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ ಹಳೆಯ ಅಭಿಮಾನಿಗಳು ನಾಲ್ವರು ಕೂಡಿದೆಡೆ ಮಾತು ಹಿಂದಿನ ಪಂದ್ಯಗಳತ್ತ ತಿರುಗಿದರೆ, ಅವರ ನೆನಪು ಮೊದಲು ಹೋಗಿ ನಿಲ್ಲುವುದು ತಂಡವು ಕಪ್ಪನ್ನೆತ್ತಿದ ದಿನಗಳ ಬಳಿಯಲ್ಲಲ್ಲ ಎಂಬುದು ತುಸು ಸೋಜಿಗದ ಸಂಗತಿ. ಅಂಥ ದಿನಗಳಿಗೇನೂ ಕೊರತೆಯಿಲ್ಲ. 2013ರಲ್ಲಿ ಹುಟ್ಟಿದ ಈ ತಂಡ ತನ್ನ ಮೊದಲ ಋತುವಿನಲ್ಲಿಯೇ ಐ-ಲೀಗನ್ನು ಗೆದ್ದುಕೊಂಡಿತು. ಎರಡು ವರ್ಷಗಳ ತರುವಾಯ ಅದನ್ನೇ ಮತ್ತೊಮ್ಮೆ ಗೆದ್ದಿತು. ನಡುವೆ ಫೆಡರೇಷನ್ ಕಪ್ಪೂ, ಮುಂದೆ 2019ರಲ್ಲಿ ಇಂಡಿಯನ್ ಸೂಪರ್ ಲೀಗಿನ ಕಿರೀಟವೂ ಅದಕ್ಕೆ ದೊರೆತವು. ಆದರೂ ಅಭಿಮಾನಿಯ ಮನಸ್ಸು ಇವೆಲ್ಲವನ್ನೂ ದಾಟಿ, ಯಾವ ಪಾರಿತೋಷಕವನ್ನೂ ಯಾರ ಕೈಗೂ ಕೊಡದಿದ್ದ ಒಂದು ಬುಧವಾರದ ರಾತ್ರಿಯನ್ನು, 2016ರ ಅಕ್ಟೋಬರ್ 19ರ ರಾತ್ರಿಯನ್ನು, ಅರಸಿಕೊಂಡು ಹೋಗುತ್ತದೆ. ಅಂದು ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಡೆದುದು ಎ.ಎಫ್.ಸಿ. ಕಪ್ ಪಂದ್ಯಾವಳಿಯ ಸೆಮಿಫೈನಲಿನ ಎರಡನೆಯ ಲೆಗ್. ಎದುರಾಳಿ ಮಲೇಷ್ಯಾದ ಜೊಹೋರ್ ದಾರುಲ್ ತಾಜಿಮ್. ಗೆದ್ದವರಿಗೆ ದೊರೆಯಬೇಕಾಗಿದ್ದುದು ಇನ್ನೊಂದು ಪಂದ್ಯವನ್ನಾಡುವ ಹಕ್ಕು ಮಾತ್ರ. ಆ ಇನ್ನೊಂದು ಪಂದ್ಯದಲ್ಲಿ ಬೆಂಗಳೂರಿಗೆ ಸೋಲು ಕಾದಿತ್ತು. ಹೀಗಿದ್ದೂ ನೆನಪು ಅದೇ ರಾತ್ರಿಯನ್ನು ಆರಿಸಿಕೊಂಡುದಕ್ಕೆ ಆಟದ ಚೆಲುವೊಂದೇ ಕಾರಣವೆಂದು ನನಗೆ ತೋರುವುದಿಲ್ಲ. ಕಂಬದ ಮೇಲೆ ಉರಿಯುತ್ತಿದ್ದ ದೀಪಕ್ಕೂ ನಿಯಮಾವಳಿಯ ಹೊತ್ತಗೆಯಲ್ಲಿ ಅಡಗಿದ್ದ ಒಂದು ವಿಧಿಗೂ ಆ ನೆನಪಿನಲ್ಲಿ ದೊಡ್ಡ ಪಾಲಿದೆ.

ಪಂದ್ಯಾವಳಿಯ ಅಂತಸ್ತನ್ನು ಮೊದಲು ಹೇಳಿಬಿಡುವುದು ಒಳಿತು. ಎ.ಎಫ್.ಸಿ. ಕಪ್ ಎಂಬುದು ಏಷ್ಯಾ ಖಂಡದ ಕ್ಲಬ್ಬುಗಳಿಗಾಗಿ 2004ರಲ್ಲಿ ಆರಂಭವಾದ ಎರಡನೆಯ ದರ್ಜೆಯ ಸ್ಪರ್ಧೆ. ಖಂಡದ ಬಲಾಢ್ಯ ತಂಡಗಳು ಚಾಂಪಿಯನ್ಸ್ ಲೀಗಿನಲ್ಲಿ ಸೆಣಸುತ್ತಿದ್ದರೆ, ಉಳಿದ ದೇಶಗಳ ಮುಂದಾಳು ತಂಡಗಳಿಗೆ ಇದೇ ಎಟುಕುವ ಎತ್ತರವಾಗಿತ್ತು. ಭಾರತದ ತಂಡಗಳಿಗಾದರೋ ಅದರ ಸೆಮಿಫೈನಲೇ ದಾಟಲಾಗದ ಹೊಸ್ತಿಲಾಗಿ ಉಳಿದಿತ್ತು. 2008ರಲ್ಲಿ ಗೋವೆಯ ಡೆಂಪೊ, 2013ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಅಲ್ಲಿಯವರೆಗೆ ಹೋಗಿ ಹಿಂದಿರುಗಿದ್ದವು. ಜೊಹೋರ್ ತಂಡವೋ ಹಿಂದಿನ ವರ್ಷದ ಚಾಂಪಿಯನ್. ಮಲಯ ಪರ್ಯಾಯದ್ವೀಪದ ದಕ್ಷಿಣ ತುದಿಯಲ್ಲಿ, ಸಿಂಗಪುರದ ನೆರೆಯಲ್ಲಿರುವ ರಾಜ್ಯದ್ದು. ಅಲ್ಲಿಯ ಯುವರಾಜನ ಪೋಷಣೆಯಲ್ಲಿ ಬೆಳೆದದ್ದು. ಅದೇ ವರ್ಷದ ಗುಂಪು ಹಂತದಲ್ಲಿ ಬೆಂಗಳೂರಿಗೆ ಸೋಲಿನ ರುಚಿಯನ್ನೂ ತೋರಿಸಿದ್ದುದು. ಬೆಂಗಳೂರು ಹಾಂಕಾಂಗಿನಲ್ಲಿ ಕಿಚೀ ತಂಡವನ್ನು 3-2ರಿಂದ ಮಣಿಸಿ, ಸಿಂಗಪುರದ ಟ್ಯಾಂಪಿನ್ಸ್ ರೋವರ್ಸ್ ತಂಡವನ್ನು ಎರಡು ಪಂದ್ಯಗಳಲ್ಲಿ ಸೇರಿ ಒಂದೇ ಗೋಲಿನ ಅಂತರದಿಂದ ದಾಟಿ, ಈ ಹಂತಕ್ಕೆ ಬಂದಿತ್ತು. ತರಬೇತುದಾರ ಆಲ್ಬರ್ಟ್ ರೋಕಾ ಒಮ್ಮೆ ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡನಿಗೆ ಸಹಾಯಕನಾಗಿದ್ದವನು. ಅವನು ಈ ತಂಡದ ಹೊಣೆ ಹೊತ್ತು ಕೆಲವೇ ತಿಂಗಳಾಗಿದ್ದವು.

ಕಂಠೀರವ ಕ್ರೀಡಾಂಗಣ ನಿಂತಿರುವ ನೆಲ ಒಂದು ಕಾಲಕ್ಕೆ ಸಂಪಂಗಿ ಕೆರೆಯ ಒಡಲು. ನೀರು ಸರಿದು, ಕೆರೆ ಬಯಲಾಗಿ, ಬಯಲು ಆಟದ ಮೈದಾನವಾಗಿ, ಕಡೆಗೆ 1997ರ ರಾಷ್ಟ್ರೀಯ ಕ್ರೀಡಾಕೂಟದ ವೇಳೆಗೆ ಈಗಿನ ಕ್ರೀಡಾಂಗಣದ ರೂಪ ಬಂದಿತು. ಕೆರೆಯ ಗುರುತಾಗಿ ಒಂದು ಪುಟ್ಟ ಕೊಳ ಮಾತ್ರ ಪಕ್ಕದಲ್ಲಿ ಉಳಿದುಕೊಂಡಿದೆ, ಅದೂ ಚೈತ್ರಮಾಸದ ಕರಗದ ವಿಧಿಗಳಿಗೆ ಅದು ಬೇಕೇ ಬೇಕಾದುದರಿಂದ. ರಾತ್ರಿಯ ಹೊತ್ತು ಜನ ಗುಂಪುಗೂಡಿ, ಕಣ್ಣೆವೆಯಿಕ್ಕದೆ, ಒಬ್ಬನ ಹೆಜ್ಜೆಯನ್ನು ಕಾಯುವುದು ಆ ನೆಲಕ್ಕೆ ಹೊಸದಲ್ಲ. ಇದನ್ನು ಹೇಳಿದಾಗ ನಗರದ ತರುಣ ಅಭಿಮಾನಿಗಳು ನಕ್ಕುಬಿಡುವರು. ಅವರಿಗೆ ಆ ಕ್ರೀಡಾಂಗಣವೆಂದರೆ ಪಶ್ಚಿಮ ದಿಕ್ಕಿನ ಪ್ರೇಕ್ಷಕಾಂಗಣ, ಅದರ ಹೆಸರನ್ನೇ ಇಟ್ಟುಕೊಂಡ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಬಳಗ, ನೀಲಿ ಅಂಗಿಗಳು, ತೊಂಬತ್ತು ನಿಮಿಷವೂ ನಿಲ್ಲದ ಹಾಡು. ಮೈದಾನಕ್ಕೂ ಆಸನಗಳಿಗೂ ನಡುವೆ ಓಟದ ಪಥವೊಂದು ಅಡ್ಡವಾಗಿ ಮಲಗಿರುವುದರಿಂದ, ಅಲ್ಲಿ ಕುಳಿತವರಿಗೆ ಆಟ ಯಾವಾಗಲೂ ಸ್ವಲ್ಪ ದೂರದ್ದೇ. ಆ ದೂರವನ್ನು ಕಂಠದಿಂದ ತುಂಬಬೇಕಾಗುತ್ತದೆ.

ಈಗ ದೀಪದ ಮಾತು. ಕಪ್ ಪಂದ್ಯಗಳು ವಾರದ ನಡುವೆ, ಮಂಗಳವಾರವೋ ಬುಧವಾರವೋ, ಕತ್ತಲಾದ ಮೇಲೆ ನಡೆಯುವುದನ್ನು ನಾವು ಪ್ರಕೃತಿನಿಯಮವೆಂಬಂತೆ ಒಪ್ಪಿಕೊಂಡುಬಿಟ್ಟಿದ್ದೇವೆ. ಇದರ ಹಿಂದೆ ದೀರ್ಘವಾದೊಂದು ಜಗಳದ ಇತಿಹಾಸವಿದೆ. ಇಂಗ್ಲೆಂಡಿನ ಶೆಫೀಲ್ಡ್ ನಗರದ ಬ್ರ್ಯಾಮಲ್ ಲೇನ್ ಮೈದಾನದಲ್ಲಿ 1878ರ ಅಕ್ಟೋಬರಿನಲ್ಲಿಯೇ, ಮರದ ಗೋಪುರಗಳ ಮೇಲೆ ಆರ್ಕ್ ದೀಪಗಳನ್ನು ಹಚ್ಚಿ, ಸುಮಾರು 20,000 ಜನರೆದುರಿಗೆ ಪಂದ್ಯವನ್ನಾಡಿಸಿದ್ದರು. ಮನೆಗಳಲ್ಲಿ ಇನ್ನೂ ವಿದ್ಯುದ್ದೀಪ ಕಾಣದ ಕಾಲವದು. ಬಂದವರಲ್ಲಿ ಬಹುಮಂದಿ ಚೆಂಡಿಗಿಂತ ದೀಪವನ್ನೇ ನೋಡಿ ಮನೆಗೆ ಹೋಗಿದ್ದರೆ ಆಶ್ಚರ್ಯವಿಲ್ಲ. ಆದರೆ ಅಲ್ಲಿಯ ಫುಟ್‌ಬಾಲ್ ಸಂಸ್ಥೆಗೆ ಇದು ಸಂತೆಯ ಗಾರುಡಿಯಂತೆ ಕಂಡಿತು. 1930ರಲ್ಲಿ ಅದು ಕೃತಕ ಬೆಳಕಿನ ಆಟವನ್ನು ನಿಷೇಧಿಸಿತು. ಆರ್ಸೆನಲ್ ತಂಡದ ಹರ್ಬರ್ಟ್ ಚಾಪ್ಮನ್ ತನ್ನ ಹೈಬರಿ ಮೈದಾನದಲ್ಲಿ ದೀಪಗಳನ್ನು ನಿಲ್ಲಿಸಿಯೂ ಅಧಿಕೃತ ಪಂದ್ಯಕ್ಕೆ ಅವನ್ನು ಬೆಳಗಿಸಲಾರದೆ ತೀರಿಕೊಂಡನು. ನಿಷೇಧ ಸಡಿಲಿದುದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. ಲೀಗ್ ಪಂದ್ಯವೊಂದು ದೀಪದಡಿ ಮೊದಲ ಸಲ ನಡೆದುದು 1956ರ ಫೆಬ್ರವರಿ 22ರಂದು, ಪೋರ್ಟ್ಸ್‌ಮತ್ ಊರಿನಲ್ಲಿ. ಅಂದೂ ಫ್ಯೂಸ್ ಹಾರಿ ಆಟ ತಡವಾಯಿತಂತೆ. ಹಳಬರು ಒಳಗೊಳಗೆ ಸಂತೋಷಪಟ್ಟಿರಬೇಕು.

ಆದರೆ ಹೊನಲು ಬೆಳಕಿನ ರಾತ್ರಿಗೆ ಅದರ ಮಹಿಮೆ ಬಂದುದು ಇದಕ್ಕೂ ಮುಂಚೆ, 1954ರ ಡಿಸೆಂಬರ್ 13ರಂದು. ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್ ತಂಡ ತನ್ನ ಮಾಲಿನ್ಯೂ ಮೈದಾನಕ್ಕೆ ಹಂಗೆರಿಯ ಹೊನ್ವೇದ್ ತಂಡವನ್ನು ಕರೆಸಿತು. ಪುಷ್ಕಾಶ್, ಕೋಚಿಷ್, ಬೋಝಿಕ್ ಮೊದಲಾದವರು ಆ ತಂಡದವರು. ಹಿಂದಿನ ವರ್ಷ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6-3ರಿಂದ ಬಗ್ಗುಬಡಿದವರು. ಕಾಲು ಗಂಟೆಯೊಳಗೆ ಅತಿಥಿಗಳು ಎರಡು ಗೋಲು ಹೊಡೆದರು. ವುಲ್ವ್ಸ್ ತರಬೇತುದಾರ ಸ್ಟ್ಯಾನ್ ಕಲಿಸ್ ಬೆಳಗ್ಗೆಯೇ ನೀರು ಹಾಯಿಸಿ ಕೆಸರು ಮಾಡಿಸಿದ್ದ ನೆಲ ಎರಡನೆಯ ಅರ್ಧದಲ್ಲಿ ಅವರ ಕಾಲುಗಳನ್ನು ಹಿಡಿದುಕೊಂಡಿತು. ಪಂದ್ಯ 3-2ಕ್ಕೆ ತಿರುಗಿತು. ಬೆಳಕಿನಲ್ಲಿ ಮಿನುಗುವ ವಿಶೇಷ ಬಟ್ಟೆಯ ಹೊಂಬಣ್ಣದ ಅಂಗಿಗಳನ್ನು ತೊಟ್ಟ ಆತಿಥೇಯರನ್ನು ಅಲ್ಲಿಯ ಪತ್ರಿಕೆಗಳು ಜಗತ್ತಿನ ಚಾಂಪಿಯನ್ನರೆಂದು ಹೊಗಳಿದವು. ಪ್ಯಾರಿಸ್ಸಿನ ಲೆಕಿಪ್ ಪತ್ರಿಕೆಯ ಗೇಬ್ರಿಯೆಲ್ ಹನೋ ಈ ಹೆಗ್ಗಳಿಕೆಯನ್ನು ಸಹಿಸದೆ, ನಿಜವಾದ ಶ್ರೇಷ್ಠತೆ ತಿಳಿಯಬೇಕಾದರೆ ದೇಶದೇಶಗಳ ಚಾಂಪಿಯನ್ ತಂಡಗಳು ತಮ್ಮೂರಿನಲ್ಲಿ ಒಮ್ಮೆ, ಎದುರಾಳಿಯ ಊರಿನಲ್ಲಿ ಒಮ್ಮೆ ಆಡಬೇಕೆಂದು ಒತ್ತಾಯಿಸಿದನು; ಮರುವರ್ಷವೇ ಯುರೋಪಿಯನ್ ಕಪ್ ಹುಟ್ಟಿತು. ಶನಿವಾರದ ಮಧ್ಯಾಹ್ನ ಲೀಗಿಗೆ ಮೀಸಲು; ಕಪ್ಪಿಗೆ ಉಳಿದುದು ವಾರದ ನಡುವಿನ ರಾತ್ರಿ. ದೀಪವಿಲ್ಲದಿದ್ದರೆ ಆ ರಾತ್ರಿ ಇರುತ್ತಿರಲಿಲ್ಲ. ಆ ರಾತ್ರಿಯಿಲ್ಲದಿದ್ದರೆ ಖಂಡಖಂಡಗಳಲ್ಲಿ ಇಂದು ಕಾಣುವ ಎರಡು ಲೆಗ್ಗುಗಳ ಕಪ್ ಪದ್ಧತಿ ಬೆಳೆಯುವುದೂ ಕಷ್ಟವಾಗುತ್ತಿತ್ತು. ಸಂಪಂಗಿ ಅಂಗಳದ ಬುಧವಾರ ಮಾಲಿನ್ಯೂವಿನ ಆ ಸೋಮವಾರದ ದೂರದ ಸಂತತಿ.

ದೀಪವು ಆಟದ ಕಾಲವನ್ನು ಬದಲಿಸಿದಂತೆಯೇ ನೋಟವನ್ನೂ ಬದಲಿಸಿತು. ಹಗಲಿನಲ್ಲಿ ಆಟವನ್ನು ನೋಡುವವನು ಜೊತೆಯಲ್ಲಿ ಆಕಾಶವನ್ನೂ, ಮರಗಳನ್ನೂ, ಎದುರು ಬದಿಯ ಜನರ ಬಿಸಿಲುಗನ್ನಡಕಗಳನ್ನೂ ನೋಡುತ್ತಿರುತ್ತಾನೆ. ಅವನ ಗಮನ ನೂರು ಕಡೆ ಹಂಚಿಹೋಗಿರುತ್ತದೆ. ರಾತ್ರಿಯಲ್ಲಿ ಲೋಕವೆಲ್ಲ ಅಳಿಸಿಹೋಗಿ ಹಸುರಾದ ಒಂದು ಆಯತ ಮಾತ್ರ ಉಳಿಯುತ್ತದೆ. ಬಯಲಾಟದ ರಂಗಸ್ಥಳದಲ್ಲಿ ದೊಂದಿಯ ಬೆಳಕು ಬಿದ್ದಷ್ಟು ನೆಲವೇ ಕುರುಕ್ಷೇತ್ರವಾಗಿ, ಅದರಾಚೆಯ ಗದ್ದೆ ಇಲ್ಲವೇ ಇಲ್ಲವೆನ್ನಿಸುವಂತೆ. ಮೂಲೆಗಳಲ್ಲಿ ಕಂಬ ನಿಲ್ಲಿಸಿದ ಮೈದಾನದಲ್ಲಿ ಒಬ್ಬೊಬ್ಬ ಆಟಗಾರನಿಗೂ ನಾಲ್ಕು ನೆರಳುಗಳು. ಅವನು ಓಡಿದರೆ ಅವೂ ಹಿಗ್ಗುತ್ತ ಕುಗ್ಗುತ್ತ ಓಡುವುದರಿಂದ ಆಟ ಇರುವುದಕ್ಕಿಂತ ಬಿರುಸಾಗಿ ಕಾಣುತ್ತದೆ. ಬಹುಕಾಲ ಬಳಕೆಯಲ್ಲಿದ್ದ ಮೆಟಲ್ ಹ್ಯಾಲೈಡ್ ದೀಪಗಳಿಗೆ ಇನ್ನೊಂದು ಗುಣವಿತ್ತು: ಸ್ವಿಚ್ ಹಾಕಿದೊಡನೆ ಅವು ಪೂರ್ಣವಾಗಿ ಬೆಳಗುತ್ತಿರಲಿಲ್ಲ, ಮಂದವಾಗಿ ಹೊತ್ತಿ ಹಲವು ನಿಮಿಷಗಳಲ್ಲಿ ಬಿಳುಪಿಗೇರುತ್ತಿದ್ದವು; ಒಮ್ಮೆ ಆರಿದರೆ ತಣಿಯುವವರೆಗೆ ಮತ್ತೆ ಹೊತ್ತುತ್ತಿರಲಿಲ್ಲ. ಬೇಗ ಬಂದು ಕುಳಿತವನಿಗೆ ಬೆಳಕು ಬಲಿಯುವುದನ್ನು ಕಾಣುವ ಭಾಗ್ಯವಿತ್ತು. ಈಗಿನ ಎಲ್.ಇ.ಡಿ. ದೀಪಗಳು ಚಿಟಿಕೆ ಹೊಡೆಯುವಷ್ಟರಲ್ಲಿ ಹೊತ್ತಿ, ಬೇಕೆಂದಾಗ ಕುಣಿದು, ಆ ಪ್ರತೀಕ್ಷೆಯನ್ನು ಕೊಂದುಹಾಕಿವೆ; ಇದು ಪ್ರಗತಿಯೇ ಇರಬಹುದು, ನನಗೆ ಮಾತ್ರ ಹಿಡಿಸಿಲ್ಲ.

ಇನ್ನು ವಿಧಿಯ ಮಾತು. ಎರಡು ಲೆಗ್ಗುಗಳ ಗೋಲುಗಳನ್ನು ಕೂಡಿಸಿದಾಗ ಸಮವಾದರೆ, ಎದುರಾಳಿಯ ಅಂಗಳದಲ್ಲಿ ಹೆಚ್ಚು ಗೋಲು ಹೊಡೆದ ತಂಡಕ್ಕೆ ಗೆಲುವು ಎಂಬ ನಿಯಮವನ್ನು ಯುರೋಪಿನಲ್ಲಿ 1965ರಲ್ಲಿ ಜಾರಿಗೆ ತಂದರು. ಏಷ್ಯಾದ ಪಂದ್ಯಾವಳಿಗಳೂ ಅದನ್ನು ಅನುಸರಿಸಿದವು. ಪರಸ್ಥಳದಲ್ಲಿ ಅಂಜಿ ಆಡುವವರಿಗೆ ಧೈರ್ಯ ಬರಲೆಂಬುದು ಅದರ ಉದ್ದೇಶ. ಅದರಿಂದ ಆದ ಪರಿಣಾಮ ಮಾತ್ರ, ಪ್ರತಿ ಗೋಲಿಗೂ ಎರಡು ಬೆಲೆಗಳುಂಟಾಗಿ, ಪ್ರೇಕ್ಷಕನು ನಿಮಿಷನಿಮಿಷಕ್ಕೂ ಮನಸ್ಸಿನಲ್ಲಿ ಲೆಕ್ಕ ಬರೆಯುತ್ತಲೇ ಇರಬೇಕಾದುದು. ಸೆಪ್ಟೆಂಬರಿನಲ್ಲಿ ಜೊಹೋರಿನ ಲಾರ್ಕಿನ್ ಮೈದಾನದಲ್ಲಿ ನಡೆದ ಮೊದಲ ಲೆಗ್ 1-1ರಲ್ಲಿ ಮುಗಿದಿತ್ತು. ಬೆಂಗಳೂರಿನ ಪರವಾಗಿ ಯುಜೆನ್ಸನ್ ಲಿಂಗ್ಡೋ ಹೊಡೆದ ಆ ಒಂದು ಗೋಲು ಚಿಕ್ಕದೊಂದು ಗಂಟಾಗಿ ಅಭಿಮಾನಿಗಳ ಜೇಬಿನಲ್ಲಿತ್ತು. ಎರಡನೆಯ ಲೆಗ್‌ನಲ್ಲಿ ಯಾರೂ ಗೋಲು ಹೊಡೆಯದಿದ್ದರೂ ಸಾಕು, ಬೆಂಗಳೂರು ಫೈನಲಿಗೆ.

ಹನ್ನೊಂದನೆಯ ನಿಮಿಷದಲ್ಲಿ ಜೊಹೋರಿನ ಸಫೀಕ್ ರಹೀಮ್ ಹೊಡೆದ ಗೋಲು ಆ ಗಂಟನ್ನು ಕರಗಿಸಿಬಿಟ್ಟಿತು. ಒಟ್ಟು ಲೆಕ್ಕ 1-2. ಅಲ್ಲಿಂದ ಮುಂದಿನ ಅರ್ಧ ಗಂಟೆಯನ್ನು ಕುರಿತು ಅಭಿಮಾನಿಗಳು ಹೆಚ್ಚು ಮಾತನಾಡುವುದಿಲ್ಲ, ಹಾಡು ನಿಲ್ಲಲಿಲ್ಲವೆಂದು ಮಾತ್ರ ಹೇಳಿಕೊಳ್ಳುವರು. ಹಾಡುತ್ತಿದ್ದವರ ದನಿ ಹೇಗಿತ್ತೆಂಬುದನ್ನು ಪಕ್ಕದ ಆಸನದವರು ಬಲ್ಲರು. ನಲವತ್ತೊಂದನೆಯ ನಿಮಿಷದಲ್ಲಿ ಲಿಂಗ್ಡೋ ಒದ್ದ ಕಾರ್ನರ್ ಕಿಕ್‌ಗೆ ನಾಯಕ ಸುನಿಲ್ ಛೆಟ್ರಿ ತಲೆ ಕೊಟ್ಟನು. ಮೂವತ್ತೆರಡು ವಯಸ್ಸಿನ, ಎತ್ತರವೇನೂ ಇಲ್ಲದ ಆ ಆಟಗಾರನು ಎತ್ತರದ ರಕ್ಷಣಾಪಡೆಯ ನಡುವೆ ನೆಗೆದು ಚೆಂಡನ್ನು ಬಲೆಗೆ ಸೇರಿಸಿದುದನ್ನು ಕಂಡವರಿಗೆ ಹಾರುವುದು ಕಾಲಿನ ಕೆಲಸಕ್ಕಿಂತ ಹೊತ್ತನ್ನರಿಯುವ ಕೆಲಸವೆಂಬುದು ಮನದಟ್ಟಾಗಿರಬೇಕು. ಈಗ ಎಲ್ಲವೂ ಸಮ: ಒಟ್ಟು 2-2, ಪರಸ್ಥಳದ ಗೋಲೂ ಒಂದೊಂದು.

ಅರವತ್ತೇಳನೆಯ ನಿಮಿಷದ ಗೋಲು ಈ ನಗರದಲ್ಲಿ ಇಂದಿಗೂ ಬೆಳೆಯುತ್ತಿರುವ ವಸ್ತು. ಛೆಟ್ರಿ ಪೆನಾಲ್ಟಿ ಪ್ರದೇಶದ ಹೊರಗಿನಿಂದಲೇ ಬಲಗಾಲಿನಿಂದ ಬೀಸಿ ಹೊಡೆದನು; ಚೆಂಡು ಗೋಲ್‌ಕೀಪರನ ಕೈಗೆಟುಕದೆ ಒಳಹೊಕ್ಕಿತು. ಇಷ್ಟು ನಿಶ್ಚಯ. ಆದರೆ ಎಷ್ಟು ದೂರದಿಂದ ಹೊಡೆದನೆಂಬ ಪ್ರಶ್ನೆಗೆ ಉತ್ತರ ವರ್ಷದಿಂದ ವರ್ಷಕ್ಕೆ ದೀರ್ಘವಾಗುತ್ತಿದ್ದು, ಇದೇ ಗತಿಯಲ್ಲಿ ನಡೆದರೆ ಇನ್ನೊಂದು ತಲೆಮಾರಿನಲ್ಲಿ ಆ ಚೆಂಡು ಕಬ್ಬನ್ ಪಾರ್ಕಿನಿಂದ ಹೊರಟಿರುತ್ತದೆ. ವಿಡಿಯೊ ಇದೆಯಲ್ಲ, ಅಳೆದು ನೋಡಬಾರದೇ ಎನ್ನಬಹುದು. ನೋಡುವರು, ಹಲವಾರು ಸಲ ನೋಡುವರು. ನೋಡಿದ ಮೇಲೂ ಕ್ಯಾಮೆರಾ ಇದ್ದ ಕಡೆ ತಾವಿರಲಿಲ್ಲವೆಂದು ವಾದಿಸುವರು. ಈ ವಾದವನ್ನು ನಾನು ಹಗುರವೆಂದು ತಳ್ಳಿಹಾಕಲಾರೆ. ಕ್ಯಾಮೆರಾ ಚೆಂಡನ್ನು ಹಿಂಬಾಲಿಸುತ್ತದೆ. ಅಂಗಣದಲ್ಲಿ ಕುಳಿತವನು ಚೆಂಡು ಕಾಲನ್ನು ಬಿಟ್ಟ ಕ್ಷಣದಲ್ಲಿ ಎದ್ದು ನಿಂತವರ ಬೆನ್ನುಗಳ ಸಂದಿಯಿಂದ ಬಲೆ ಅಲುಗಿದುದನ್ನಷ್ಟೆ ಕಂಡಿರುತ್ತಾನೆ, ಉಳಿದುದನ್ನು ಸುತ್ತಲಿನ ಗರ್ಜನೆಯಿಂದ ತಿಳಿದಿರುತ್ತಾನೆ. ಅವನಿಗೆ ನೆನಪಿರುವುದು ತಾನು ಕಂಡುದಕ್ಕಿಂತ ಸಾವಿರಾರು ಜನ ಒಟ್ಟಾಗಿ ಕಂಡುದು.

ಗೋಲುಗಳನ್ನು ಹೀಗೆ ಪೋಷಿಸಿಕೊಂಡು ಬಂದ ನೆನಪು, ಆ ರಾತ್ರಿಯ ತಿರುಳಾದ ಒಂಬತ್ತು ನಿಮಿಷಗಳನ್ನು ಹೆಚ್ಚುಕಡಿಮೆ ಕಳೆದುಕೊಂಡುಬಿಟ್ಟಿದೆ. ಛೆಟ್ರಿಯ ಎರಡನೆಯ ಗೋಲಿನಿಂದ ಬೆಂಗಳೂರು 2-1ರಿಂದ ಮುಂದಾಯಿತು, ಒಟ್ಟು ಲೆಕ್ಕದಲ್ಲಿ 3-2. ಮೇಲ್ನೋಟಕ್ಕೆ ಇದು ನೆಮ್ಮದಿಯ ಸ್ಥಿತಿ. ಆದರೆ ಜೊಹೋರ್ ಇನ್ನೊಂದೇ ಗೋಲು ಹೊಡೆದಿದ್ದರೆ ಒಟ್ಟು 3-3 ಆಗಿ, ಪರಸ್ಥಳದ ಗೋಲುಗಳು ಅವರಿಗೆ ಎರಡು, ನಮಗೆ ಒಂದು. ಪಂದ್ಯದಲ್ಲಿ ಸೋಲದೆಯೇ ಬೆಂಗಳೂರು ಹೊರಬೀಳುತ್ತಿತ್ತು. ಮುಂದಿರುವಾಗಲೇ ಅಳಿವಿನ ಅಂಚಿನಲ್ಲಿರುವುದು, ಹೆಚ್ಚುವರಿ ಕಾಲದ ಆಸರೆಯೂ ಇಲ್ಲದಿರುವುದು, ಇದು ಆ ವಿಧಿಯ ಕ್ರೌರ್ಯವೂ ಹೌದು, ಸೊಬಗೂ ಹೌದು. ಸಮಬಲದ ಹೊತ್ತಿನಲ್ಲಿ ಧೈರ್ಯವಾಗಿದ್ದ ಜನ ಮುಂದೆ ಹೋದ ಮೇಲೆ ಹೆದರಲಾರಂಭಿಸಿದರು. ಎದುರಾಳಿಯ ಪಾದಕ್ಕೆ ಚೆಂಡು ಬಂದಾಗಲೆಲ್ಲ ಲೆಕ್ಕ ಬಲ್ಲವರ ಎದೆ ಕುಸಿಯಿತು; ಲೆಕ್ಕ ತಿಳಿಯದವರು ಸುಖವಾಗಿ ಕುಣಿಯುತ್ತಿದ್ದರು. ಎಪ್ಪತ್ತಾರನೆಯ ನಿಮಿಷದಲ್ಲಿ ಸ್ಪೇನಿನ ರಕ್ಷಣಾ ಆಟಗಾರ ಜುವಾನನ್ ಮೂರನೆಯ ಗೋಲು ಹೊಡೆದಾಗ ಎರಡು ಪಂಗಡಗಳೂ ಒಂದಾದವು. ಇನ್ನು ಜೊಹೋರಿಗೆ ಎರಡು ಗೋಲುಗಳು ಬೇಕಾಗಿದ್ದವು, ಅವು ಬರಲಿಲ್ಲ. ಪಂದ್ಯ 3-1, ಒಟ್ಟು 4-2. ಭಾರತದ ಕ್ಲಬ್ಬೊಂದು ಮೊದಲ ಬಾರಿಗೆ ಎ.ಎಫ್.ಸಿ. ಕಪ್ ಫೈನಲಿಗೆ ಏರಿತ್ತು.

ಈ ಊರಿಗೆ ಫುಟ್‌ಬಾಲ್ ನೆನಪುಗಳು ಆ ರಾತ್ರಿ ಹುಟ್ಟಿದುವೆಂದು ಯಾರಾದರೂ ತಿಳಿದರೆ ದಂಡು ಪ್ರದೇಶದ ಹಿರಿಯರು ಕ್ಷಮಿಸಲಾರರು. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಪಟಾಲಂ ತಂಡಗಳ ಕೈಯಿಂದ ಕಿತ್ತುಕೊಂಡು ಮರುವರ್ಷವೂ ಉಳಿಸಿಕೊಂಡಿತ್ತು. ಮೈಸೂರು ರಾಜ್ಯ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಭಾರತದ ಏಕೈಕ ಗೋಲನ್ನು ಹೊಡೆದ ರಾಮನ್ ಈ ಊರಿನವನು; ಅಹ್ಮದ್ ಖಾನ್, ಕೆಂಪಯ್ಯ, ಅರುಮೈನಾಯಗಂ ಮೊದಲಾದವರು ಇಲ್ಲಿಯ ಮಣ್ಣಿನಲ್ಲಿಯೇ ಕಲಿತವರು. ಆಸ್ಟಿನ್ ಟೌನ್, ಗೌತಮಪುರಗಳಲ್ಲಿ ಆಟವಿನ್ನೂ ಬೀದಿಯ ಸ್ವತ್ತು. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಆದರೆ ಆ ಹಿರಿಯರ ನೆನಪುಗಳು ಬಹುಮಟ್ಟಿಗೆ ಹಗಲಿನವು: ಬಿಸಿಲು ಇಳಿಯುವ ಹೊತ್ತು, ಕೆಂಪು ದೂಳು, ಬೇಲಿಯ ಮೇಲೆ ಕುಳಿತ ಹುಡುಗರು, ಬೆಳಕು ಹೋಗುವುದರೊಳಗೆ ಮುಗಿಯಲೇಬೇಕಾದ ಆಟ. ಕಚೇರಿ ಮುಗಿಸಿ, ಲ್ಯಾಪ್‌ಟಾಪಿನ ಚೀಲವನ್ನು ಹೆಗಲಿಗೇರಿಸಿಕೊಂಡೇ ಕಂಠೀರವಕ್ಕೆ ಬರುವ ಹೊಸ ಬೆಂಗಳೂರಿಗೆ ಹಗಲು ತನ್ನದಲ್ಲ. ಅದಕ್ಕೆ ತನ್ನದೆನ್ನಬಹುದಾದ ನೆನಪು ದೀಪ ಹಚ್ಚಿದ ಮೇಲೆಯೇ ಆಗಬೇಕಿತ್ತು.

ಫೈನಲ್ ನವೆಂಬರ್ 5ರಂದು ಕತಾರಿನ ದೋಹಾದಲ್ಲಿ ನಡೆಯಿತು. ಇರಾಕಿನ ವಾಯುಪಡೆಯ ತಂಡ ಅಲ್ ಖುವಾ ಅಲ್ ಜವಿಯಾ, ಹಮ್ಮಾದಿ ಅಹ್ಮದನ ಒಂದು ಗೋಲಿನಿಂದ ಗೆದ್ದಿತು. ಅದೂ ಹೊನಲು ಬೆಳಕಿನ ರಾತ್ರಿಯೇ. ಆದರೆ ಇಲ್ಲಿಯ ಬಹುಮಂದಿ ಅದನ್ನು ಪರದೆಯ ಮೇಲೆ ಕಂಡವರಾದುದರಿಂದ, ಸೋಲಿನ ನೋವು ಉಳಿಯಿತೇ ಹೊರತು ರಾತ್ರಿ ಉಳಿಯಲಿಲ್ಲ. ಅನಂತರ ಏಷ್ಯಾದ ಒಕ್ಕೂಟ ಪರಸ್ಥಳದ ಗೋಲಿನ ವಿಧಿಯನ್ನು ಕೈಬಿಟ್ಟಿತು, 2024ರಲ್ಲಿ ಎ.ಎಫ್.ಸಿ. ಕಪ್ ಎಂಬ ಹೆಸರೇ ಹೋಗಿ ಅದರ ಜಾಗದಲ್ಲಿ ಚಾಂಪಿಯನ್ಸ್ ಲೀಗ್ ಟೂ ಬಂದಿತು. ಹೀಗಾಗಿ ಇಂದು ಮಗಳನ್ನು ಪಶ್ಚಿಮದ ಅಂಗಣಕ್ಕೆ ಕರೆದುಕೊಂಡು ಬರುವ ತಂದೆಯೊಬ್ಬನು, 2-1ರಿಂದ ಮುಂದಿದ್ದ ತಂಡದ ಜನ ಅಂದು ಏತಕ್ಕೆ ನಡುಗಿದರೆಂದು ತಿಳಿಸಬೇಕಾದರೆ, ಇಲ್ಲವಾದ ಒಂದು ಪಂದ್ಯಾವಳಿಯನ್ನೂ, ರದ್ದಾದ ಒಂದು ನಿಯಮವನ್ನೂ, ಎರಡು ಊರುಗಳ ಗೋಲುಗಳನ್ನು ಕೂಡಿಸಿ ಕಳೆಯುವ ಗಣಿತವನ್ನೂ ಮೊದಲಿನಿಂದ ಹೇಳಿಕೊಡಬೇಕಾಗುತ್ತದೆ. ಅವನು ಪೀಠಿಕೆಯನ್ನು ಮುಗಿಸುವಷ್ಟರಲ್ಲಿ ಅವಳು ಮೊಬೈಲಿನಲ್ಲಿ ಜುವಾನನ್‌ನ ಗೋಲನ್ನು ನೋಡಿ ಮುಗಿಸಿರುತ್ತಾಳೆ.